ಮಗಳಿಗೊಂದು ಪತ್ರ: ನಾಲ್ಕು ದೀಪದ ಚೌಕಾಬಾರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಚೌಕಾಬಾರ ಸರ್ಕ್ಯೂಟ್ ನೋಡಿದೆ. ಗೆರೆಗಳು ಎಷ್ಟು ಅಚ್ಚುಕಟ್ಟಾಗಿವೆ! 555 ಟೈಮರ್ ಚಿಪ್ ಒಂದೇ ಸಮನೆ ವಿದ್ಯುತ್ ಬಡಿತ ಕೊಡುತ್ತದೆ, ಆ ಬಡಿತ ಎಣಿಸುವ 4017 ಚಿಪ್ ಐದು ಎಲ್‌ಇಡಿ ದೀಪಗಳನ್ನು ಸರದಿಯಲ್ಲಿ ಹೊತ್ತಿಸುತ್ತದೆ, ಬಟನ್ ಬಿಟ್ಟಾಗ 1, 2, 3, 4, 8ರಲ್ಲಿ ಒಂದು ಉಳಿಯುತ್ತದೆ. ಕೆಲಸವೇನೋ ಮಾಡುತ್ತದೆ. ಆದರೆ ಅದು ನಮ್ಮ ಚೌಕಾಬಾರ ಅಲ್ಲ ಕಣೇ.

ನಾಲ್ಕು ಕವಡೆ ಎಸೆದರೆ ಅವು ಬೀಳುವ ಬಗೆ ಒಟ್ಟು 16. ಒಂದೇ ಕವಡೆ ಅಂಗಾತ ಬೀಳುವುದು ನಾಲ್ಕು ಬಗೆ, ಎರಡು ಬೀಳುವುದು ಆರು, ಮೂರು ಬೀಳುವುದು ಮತ್ತೆ ನಾಲ್ಕು. ನಾಲ್ಕೂ ಅಂಗಾತವಾಗಿ ಚೌಕ ಬೀಳುವುದಕ್ಕೆ ಒಂದೇ ದಾರಿ, ನಾಲ್ಕೂ ಬೋರಲಾಗಿ ಎಂಟು ಬೀಳುವುದಕ್ಕೂ ಒಂದೇ. (ನಿಜವಾದ ಕವಡೆ ಒಂದು ಮಗ್ಗುಲಿಗೆ ಹೆಚ್ಚು ವಾಲಬಹುದು, ಸದ್ಯ ಅದು ಬೇಡ.) ನಿನ್ನದರಲ್ಲಿ ಐದಕ್ಕೂ ಸಮಪಾಲು. ಐದು ಸಲಕ್ಕೊಮ್ಮೆ ಎಂಟು ಬಿದ್ದರೆ ಅಜ್ಜಿ ಅದಕ್ಕಾಗಿ ಕಾಯುವ ಸುಖವೇ ಹೋಯಿತು.

4017 ತೆಗೆದು 4520 ಚಿಪ್ ಹಾಕು. ಅದರಲ್ಲಿ ನಾಲ್ಕು ಬಿಟ್‌ನ ಬೈನರಿ ಕೌಂಟರ್ (ಬಡಿತಗಳನ್ನು 0ರಿಂದ 15ರವರೆಗೆ ಎಣಿಸುವುದು) ಎರಡಿವೆ, ನಮಗೆ ಒಂದು ಸಾಕು. 3, 4, 5, 6ನೇ ಪಿನ್‌ಗಳಿಗೆ ಒಂದೊಂದು ಎಲ್‌ಇಡಿ, ಪ್ರತಿಯೊಂದಕ್ಕೂ 1ಕೆ ರೆಸಿಸ್ಟರ್. ಒಂದೊಂದು ದೀಪ ಒಂದೊಂದು ಕವಡೆ! ಹೊತ್ತಿದವನ್ನು ಎಣಿಸು, ಒಂದೂ ಹೊತ್ತದಿದ್ದರೆ ಎಂಟು. 0ರಿಂದ 15ರವರೆಗಿನ ಎಲ್ಲ ಸ್ಥಿತಿಗಳೂ ಒಂದೊಂದು ಬಡಿತದಷ್ಟೇ ಹೊತ್ತು ಇರುತ್ತವೆ, ಆದ್ದರಿಂದ ಆ ಹದಿನಾರು ಬಗೆಗಳೂ ತಾವಾಗಿಯೇ ಸಿಗುತ್ತವೆ. ಇದನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬಡಿತ ಮಾತ್ರ ವೇಗವಾಗಿರಬೇಕು. ನೀನು 555ಕ್ಕೆ ಹಾಕಿರುವ 1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ ಅದು ಸೆಕೆಂಡಿಗೆ ಎಪ್ಪತ್ತರ ಆಸುಪಾಸು, ಚುರುಕಾದ ಬೆರಳು ಅದನ್ನು ಪಳಗಿಸಿಬಿಡಬಹುದು. 555ರ 1ಕೆ, 10ಕೆ ರೆಸಿಸ್ಟರ್‌ಗಳು ಹಾಗೇ ಇರಲಿ, ಕೆಪಾಸಿಟರ್ ಮಾತ್ರ 103 ಎಂದು ಬರೆದಿರುವುದನ್ನು (0.01 ಮೈಕ್ರೋಫ್ಯಾರಡ್) ಹಾಕು. ಆಗ ಸೆಕೆಂಡಿಗೆ ಸುಮಾರು 6,800 ಬಡಿತ, ಹದಿನಾರರ ಸುತ್ತು ನಾನೂರಕ್ಕೂ ಹೆಚ್ಚು ಸಲ ಮುಗಿಯುತ್ತದೆ. 104 ಎಂದಿರುವುದು ಬೇರೆ, ಅದನ್ನು ಚಿಪ್‌ನ ಪಕ್ಕದಲ್ಲೇ ಪ್ಲಸ್ಸಿಗೂ ಗ್ರೌಂಡಿಗೂ ನಡುವೆ ಕೂರಿಸು. ಇಲ್ಲದಿದ್ದರೆ 555 ವಿದ್ಯುತ್ ಸಪ್ಲೈಯನ್ನು ಅಲ್ಲಾಡಿಸಿ ಕೌಂಟರ್ ಎಣಿಕೆ ತಪ್ಪಬಹುದು. 4520ರಲ್ಲಿ ಬಳಸದ ಇನ್ನೊಂದು ಕೌಂಟರ್‌ನ ಇನ್‌ಪುಟ್‌ಗಳನ್ನು ಗ್ರೌಂಡಿಗೆ ಕಟ್ಟುವುದು ಮರೆಯಬೇಡ.

ಮುಗಿದ ಮೇಲೆ ಬಟನ್ ಒತ್ತಿ ಒತ್ತಿ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಹೋಗು. 160 ಸಲಕ್ಕೆ ‘ಎಂಟು’ ಹತ್ತು ಸಲದ ಆಸುಪಾಸು ಬರಬೇಕು, ‘ಎರಡು’ ಅರವತ್ತು ಸಲದ ಆಸುಪಾಸು. ಆ ಪುಟದ ಫೋಟೊ ಕಳಿಸು, ಅಜ್ಜಿಗೂ ತೋರಿಸುತ್ತೇನೆ.

ನಿನ್ನ
ಅಮ್ಮ