ವೈವಾ ಮುಗಿಯಿತು, ಥ್ಯಾಂಕ್ಸ್ ಹೇಳುವುದು ಬಾಕಿ ಇದೆ

ಶುಕ್ರವಾರ ಮಧ್ಯಾಹ್ನ ನನ್ನ ವೈವಾ ಮುಗಿಯಿತು. ಕಂಪ್ಯೂಟರ್ ನೆಟ್‌ವರ್ಕ್ ವಿಷಯದಲ್ಲಿ ಎಂ.ಟೆಕ್ ಆಯಿತು. ಬಿ.ಇ. ಮುಗಿಸಿ ಒಂಬತ್ತು ವರ್ಷ ಆದ ಮೇಲೆ, ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷವೇ ನಾನೂ ಕಾಲೇಜಿಗೆ ಸೇರಿದ್ದೆ. ಸಿಕ್ಕಿದವರಿಗೆಲ್ಲ ಬಾಯಲ್ಲಿ ಹೇಳಿದ್ದೇನೆ. ಆದರೂ ಬರೆದೇ ಹೇಳಬೇಕು ಅನ್ನಿಸಿತು.

ಮೊದಲು ನನ್ನ ಗೈಡ್ ಸರ್‌ಗೆ. ಮೊದಲ ವಾರ ನಾನು ಓಎಸ್‌ಐನ ಏಳು ಪದರಗಳನ್ನು, ಅಂದರೆ ನೆಟ್‌ವರ್ಕ್‌ನ ಕೆಲಸವನ್ನು ಏಳು ಹಂತವಾಗಿ ವಿಂಗಡಿಸುವ ಮಾದರಿಯನ್ನು, ಗಡಗಡ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, "ಸರಿನಮ್ಮ, ಈಗ ವೈರ್‌ಶಾರ್ಕ್ ತೆಗಿ. ಒಂದು ವೆಬ್ ಪೇಜ್ ತೆರೆದು, ಏನೇನು ಹೋಯಿತು, ಏನೇನು ಬಂತು ತೋರಿಸು" ಎಂದರು. ವೈರ್‌ಶಾರ್ಕ್ ಅಂದರೆ ನೆಟ್‌ವರ್ಕ್‌ನಲ್ಲಿ ಹೋಗಿಬರುವುದನ್ನು ಹಿಡಿದು ತೋರಿಸುವ ಸಾಫ್ಟ್‌ವೇರ್. ಸಿನ್, ಸಿನ್-ಆಕ್, ಆಕ್: ಎರಡು ಕಂಪ್ಯೂಟರ್‌ಗಳು ಮಾತು ಶುರುಮಾಡುವ ಮೊದಲು ಒಂದಕ್ಕೊಂದು ಕಳಿಸಿಕೊಳ್ಳುವ ಮೂರು ಸಂದೇಶ. ಆ ಮೂರು ಸಾಲು ಪರದೆ ಮೇಲೆ ಬಂದಾಗ ಮೈ ಜುಮ್ಮೆಂದಿತು. ಪರೀಕ್ಷೆಗೆ ಎಷ್ಟೋ ಸಲ ಬರೆದದ್ದು ನಿಜವಾಗಿ ನಡೆಯುವುದನ್ನು ಅವತ್ತೇ ನಾನು ನೋಡಿದ್ದು.

1986ರ ಕಥೆ ಹೇಳಿದ್ದೂ ಅವರೇ. ಆ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಿಂದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ, ಬರೀ 400 ಗಜ ದೂರಕ್ಕೆ, ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದದ್ದು 40 ಬಿಟ್‌ಗೆ ಇಳಿದಿತ್ತು. ದಾರಿ ಕಟ್ಟಿಕೊಂಡಷ್ಟೂ ಕಂಪ್ಯೂಟರ್‌ಗಳು ಕಳಿಸಿದ್ದನ್ನೇ ಮತ್ತೆ ಕಳಿಸುತ್ತಿದ್ದವು. ಆ ಲ್ಯಾಬ್‌ನ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಉಪಾಯ ಎಷ್ಟು ಸರಳ! ಮೊದಲು ಸ್ವಲ್ಪ ಕಳಿಸು. ತಲುಪಿತು ಅಂತ ಸುದ್ದಿ ಬಂದರೆ ಜಾಸ್ತಿ ಮಾಡು. ಪ್ಯಾಕೆಟ್ (ಕಳಿಸುವ ಮಾಹಿತಿಯ ಒಂದು ಸಣ್ಣ ತುಂಡು) ಕಳೆದುಹೋದರೆ ತಕ್ಷಣ ಕಡಿಮೆ ಮಾಡು. ಅದನ್ನು ಕೇಳಿದ ದಿನವೇ ನನ್ನ ಪ್ರಾಜೆಕ್ಟ್ ಯಾವುದು ಅಂತ ತೀರ್ಮಾನವಾಯಿತು.

ಮನೆಯಲ್ಲಿ ಒಬ್ಬರು ದೊಡ್ಡ ಫೈಲ್ ಕಳಿಸುವಾಗ ಇನ್ನೊಬ್ಬರ ವಿಡಿಯೊ ಕಾಲ್ ತಡವರಿಸುತ್ತದೆ ಅಲ್ವಾ? ರೌಟರ್ ಪ್ಯಾಕೆಟ್‌ಗಳನ್ನು ಉದ್ದನೆಯ ಸಾಲಿನಲ್ಲಿ ಕಾಯಿಸುವುದೇ ಬಹಳ ಸಲ ಇದಕ್ಕೆ ಕಾರಣ. ಬಫರ್‌ಬ್ಲೋಟ್ ಅನ್ನುತ್ತಾರೆ. ಸಾಲು ತುಂಬುವ ಮೊದಲೇ ಒಂದೆರಡು ಪ್ಯಾಕೆಟ್ ಬೀಳಿಸಿ, ಕಳಿಸುವವರನ್ನು ಎಚ್ಚರಿಸುವ ಕೋಡೆಲ್, ಪೈ ಎಂಬ ವಿಧಾನಗಳಿವೆ. ನೆಟ್‌ವರ್ಕನ್ನು ಕಂಪ್ಯೂಟರ್‌ನೊಳಗೇ ಅನುಕರಿಸುವ ಎನ್‌ಎಸ್-3 ಸಿಮ್ಯುಲೇಟರ್‌ನಲ್ಲಿ ಇವೆರಡನ್ನೂ ಹೋಲಿಸಿ ನೋಡುವುದು ನನ್ನ ಕೆಲಸ. ನಮ್ಮ ಸುರತ್ಕಲ್‌ನ ಎನ್‌ಐಟಿಕೆಯವರು ಬರೆದ ಎಫ್‌ಕ್ಯು-ಪೈ (ಪೈ ವಿಧಾನದ್ದೇ ಇನ್ನೊಂದು ರೂಪ) ಕೋಡ್ 2020ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 5.6 ಆವೃತ್ತಿಗೆ ಸೇರಿದೆ. ಅವರಿಗೆ ನನ್ನ ಪರಿಚಯವಿಲ್ಲ. ಆದರೆ ಆ ಕೋಡ್ ಓದಿಯೇ ನನಗೆ ಧೈರ್ಯ ಬಂದದ್ದು. ಅವರಿಗೂ ನನ್ನ ನಮಸ್ಕಾರ.

ಮೂರನೇ ಸೆಮಿಸ್ಟರ್‌ನಲ್ಲಿ ಅಪ್ಪನಿಗೆ ಹುಷಾರು ತಪ್ಪಿತು. ಅದೇ ಹೊತ್ತಿಗೆ ಇಲ್ಲಿ ಯಾವ ವಿಧಾನ ಹಾಕಿದರೂ ಗ್ರಾಫ್ ಒಂದೇ ಥರ ಬರುತ್ತಿತ್ತು. ಐದು ವಾರ ಹಾಗೇ ಕಳೆಯಿತು. ರಾತ್ರಿ ಆಸ್ಪತ್ರೆಯ ಕಾರಿಡಾರ್‌ನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಅಳುತ್ತಿದ್ದೆ. ಬಿಟ್ಟುಬಿಡುತ್ತೇನೆ ಅಂತ ಅತ್ತೆಗೆ ಹೇಳಿಯೂ ಆಗಿತ್ತು. ಆಗ ನನಗಿಂತ ಹತ್ತು ವರ್ಷ ಚಿಕ್ಕವನಾದ ಕ್ಲಾಸ್‌ಮೇಟ್ ಒಬ್ಬ ಪಕ್ಕದಲ್ಲಿ ಕುಳಿತು ಕೇಳಿದ: "ಅಕ್ಕಾ, ಕೆಳಗೆ ಡಿವೈಸ್ ಕ್ಯೂ ಎಷ್ಟಿಟ್ಟಿದ್ದೀರಿ?" ಡಿವೈಸ್ ಕ್ಯೂ ಅಂದರೆ ಪ್ಯಾಕೆಟ್‌ಗಳು ಹೊರಗೆ ಹೋಗುವ ಮುಂಚೆ ನಿಲ್ಲುವ ಕೊನೆಯ ಸಾಲು. ಅದು ದೊಡ್ಡದಿತ್ತು. ಪ್ಯಾಕೆಟ್‌ಗಳೆಲ್ಲ ಅಲ್ಲೇ ಹೋಗಿ ನಿಲ್ಲುತ್ತಿದ್ದವು. ಮೇಲಿದ್ದ ಕೋಡೆಲ್‌ಗೆ ಕೆಲಸವೇ ಸಿಗುತ್ತಿರಲಿಲ್ಲ. ಒಂದು ಪ್ಯಾಕೆಟ್‌ಗೆ ಇಳಿಸಿದೆವು. ರಾತ್ರಿ ಒಂಬತ್ತೂವರೆಗೆ ಎರಡು ಗೆರೆ ಬೇರೆ ಬೇರೆಯಾಗಿ ಬಂದವು. ತಮ್ಮಾ, ಅವತ್ತು ನೀನು ಕಡೇ ಬಸ್ ಬಿಟ್ಟು ಕೂತಿದ್ದೆ. ನಾನು ಅದನ್ನು ಮರೆಯುವುದಿಲ್ಲ.

ಲ್ಯಾಬ್ ಅಟೆಂಡರ್ ಅಣ್ಣನಿಗೂ ಥ್ಯಾಂಕ್ಸ್. ನನ್ನ ಸಿಮ್ಯುಲೇಶನ್ ಓಡುತ್ತಿದ್ದ ಮೆಷಿನ್ ಮೇಲೆ "ಆಫ್ ಮಾಡಬೇಡಿ" ಅಂತ ಅವರೇ ಚೀಟಿ ಅಂಟಿಸಿದ್ದರು. ತುಮಕೂರಿನಿಂದ ಬೆಳಗಿನ ರೈಲಿನಲ್ಲಿ ದಿನಾ ನನಗೆ ಸೀಟು ಹಿಡಿದಿಟ್ಟ ಗೆಳತಿಯರೇ, ನಾನು ಓದಿದ್ದರಲ್ಲಿ ಅರ್ಧ ಆ ಸೀಟಿನಲ್ಲೇ ಓದಿದ್ದು. ಅಪ್ಪ ಈಗ ಎದ್ದು ಓಡಾಡುತ್ತಿದ್ದಾರೆ. ಅವರನ್ನು ನೋಡಿಕೊಂಡ ನರ್ಸ್‌ಗಳಿಗೆ ಕೈ ಮುಗಿಯುತ್ತೇನೆ.

ಅತ್ತೆ, ಬಿಡುತ್ತೇನೆ ಅಂದಾಗ ನೀವು ಏನೂ ಹೇಳಲಿಲ್ಲ. ಮರುದಿನವೂ ಐದು ಗಂಟೆಗೆ ಎದ್ದು ನನ್ನ ಡಬ್ಬಿ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಿರಿ. ಎರಡು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಸೋಮವಾರದಿಂದ ಡಬ್ಬಿ ನಾನು ಕಟ್ಟುತ್ತೇನೆ. ನೀವು ಮಲಗಿರಿ.