ಗ್ರನಾಡಾಗೆ ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನೀನೂ ನಿನ್ನ ಹೆಂಡತಿಯೂ ಹೊರಟಿರುವ ಪ್ಲಾನ್ ನೋಡಿದೆ. ಬೆಂಗಳೂರಿನಿಂದ ಮ್ಯಾಡ್ರಿಡ್‌ಗೆ ವಿಮಾನ, ಇಳಿದ ದಿನವೇ ಸ್ಪೇನಿನ ದಕ್ಷಿಣದ ಊರು ಗ್ರನಾಡಾ, ಮರುದಿನ ಬೆಳಗ್ಗೆ ಅಲ್ಲಿಯ ಗುಡ್ಡದ ಮೇಲಿನ ಹಳೇ ಕೋಟೆ-ಅರಮನೆ ಅಲ್ಹಂಬ್ರಾ. ಕೊನೆಯಲ್ಲಿ "ಜೊತೆಗೆ ಅಮ್ಮನೂ ಬರ್ತಾರೆ, ಮಂಡಿನೋವು ಇದೆ" ಅಂತ ಒಂದು ಸಾಲು. ಪ್ಲಾನ್ ಆ ಸಾಲಿನಿಂದಲೇ ಶುರುವಾಗಬೇಕಿತ್ತು ಮಾರಾಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಈ ಕಡೆ ಬರುವ ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ವಿಮಾನದ ಟಿಕೆಟ್ ಈಗಲೇ ತೆಗೆಯಬೇಡ. ಮೊದಲು ಅಲ್ಹಂಬ್ರಾದ ಟಿಕೆಟ್ ತೆಗಿ. ಉಲ್ಟಾ ಅನ್ನಿಸುತ್ತೆ, ಆದರೆ ಗ್ರನಾಡಾದ ಲೆಕ್ಕ ಹಾಗೇ. ಒಳಗಿನ ನಸ್ರಿದ್ ಅರಮನೆಗಳಿಗೆ (ನಸ್ರಿದ್ ಅಂದರೆ ಅಲ್ಲಿ ಆಳಿದ ಮುಸ್ಲಿಂ ರಾಜವಂಶ) ಇಷ್ಟು ಹೊತ್ತಿಗೆ ಇಷ್ಟೇ ಜನ ಅಂತ ಮಿತಿ ಇದೆ. ನಿನ್ನ ಟಿಕೆಟ್‌ನಲ್ಲಿ ದಿನದ ಜೊತೆ ಹೊತ್ತೂ ಬರೆದಿರುತ್ತೆ. ಆ ಹೊತ್ತು ದಾಟಿದರೆ ಅರಮನೆ ನೋಡುವ ಅವಕಾಶ ಹೋಯಿತು ಅಂತಲೇ ತಿಳಿ. ಟಿಕೆಟ್ ತಿಂಗಳುಗಟ್ಟಲೆ ಮುಂಚೆ ಮಾರಾಟಕ್ಕೆ ಬರುತ್ತದೆ, ಸೀಸನ್‌ನಲ್ಲಿ ಬೇಗ ಖಾಲಿಯೂ ಆಗುತ್ತದೆ. ಅಲ್ಹಂಬ್ರಾ ನೋಡಿಕೊಳ್ಳುವ ಸಂಸ್ಥೆಯ (ಪತ್ರೊನಾತೊ ಅಂತಾರೆ) ಸ್ವಂತ ವೆಬ್‌ಸೈಟ್‌ನಲ್ಲೇ ತೆಗಿ. ನೋಡಲು ಅದರ ಹಾಗೇ ಇರುವ, ಜಾಸ್ತಿ ದುಡ್ಡು ಕೇಳುವ ಸೈಟುಗಳು ಬೇಕಾದಷ್ಟಿವೆ. ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ನಂಬರ್ ಕೊಡಬೇಕು, ಆ ದಿನ ಪಾಸ್‌ಪೋರ್ಟ್ ಕೈಯಲ್ಲೂ ಇರಬೇಕು. ವೀಸಾ ಬರುವ ಮುಂಚೆ ಹೇಗೆ ದುಡ್ಡು ಹಾಕೋದು ಅಂತೀಯಾ? ಹೋದರೆ ಹೋಗಲಿ, ವಿಮಾನದ ಮೂರು ಟಿಕೆಟ್ ಮುಂದೆ ಅದು ಚಿಲ್ಲರೆ. ಆ ದಿನ, ಆ ಹೊತ್ತು ಕೈಗೆ ಸಿಕ್ಕಮೇಲೆ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕು: ಗ್ರನಾಡಾ ಯಾವತ್ತು ತಲುಪಬೇಕು, ಮ್ಯಾಡ್ರಿಡ್‌ನಲ್ಲಿ ಯಾವತ್ತು ಇಳಿಯಬೇಕು, ಬೆಂಗಳೂರು ಯಾವತ್ತು ಬಿಡಬೇಕು.

ದಿನ ಆರಿಸುವಾಗ ಈಸ್ಟರ್ ಯಾವಾಗ ಅಂತ ಕ್ಯಾಲೆಂಡರ್ ನೋಡು. ಅದರ ಹಿಂದಿನ ವಾರವಿಡೀ ಗ್ರನಾಡಾದಲ್ಲಿ ಮೆರವಣಿಗೆ. ದೊಡ್ಡ ದೊಡ್ಡ ಮೂರ್ತಿಗಳನ್ನು ಹೊತ್ತು ನಡುರಸ್ತೆಯಲ್ಲೇ ಬರುತ್ತಾರೆ. ನೋಡೋಕೆ ಚೆಂದ. ಆದರೆ ಪೇಟೆಯ ಬಸ್ಸುಗಳ ದಾರಿ ಬದಲಾಗುತ್ತೆ, ಟ್ಯಾಕ್ಸಿ ಹೋಟೆಲ್ ಬಾಗಿಲವರೆಗೆ ಬರೋದಿಲ್ಲ, ರೂಮಿನ ಬಾಡಿಗೆ ಏರಿರುತ್ತದೆ. ಅಮ್ಮನ ಜೊತೆ ಆ ವಾರ ಬೇಡ. ಜುಲೈ, ಆಗಸ್ಟ್ ಅಂತೂ ಬೇಡವೇ ಬೇಡ, ಅಷ್ಟು ಬಿಸಿಲು.

ಇನ್ನು ದಾರಿ. ಗ್ರನಾಡಾಗೆ ತನ್ನದೇ ವಿಮಾನ ನಿಲ್ದಾಣ ಇದೆ, ಕವಿ ಲೋರ್ಕಾನ ಹೆಸರಿನದು. ಊರಿನಿಂದ ಸುಮಾರು 15 ಕಿಲೋಮೀಟರ್, ವಿಮಾನ ಇಳಿಯುವ ಹೊತ್ತಿಗೆ ಹೊಂದಿಕೊಂಡು ಪೇಟೆಗೆ ಬಸ್ಸು. ಆದರೆ ಚಿಕ್ಕದು, ಅಲ್ಲಿಗೆ ಬರುವ ವಿಮಾನಗಳು ಹೆಚ್ಚಾಗಿ ಮ್ಯಾಡ್ರಿಡ್, ಬಾರ್ಸಿಲೋನಾದಿಂದ. ಬೆಂಗಳೂರಿನಿಂದ ಗ್ರನಾಡಾವರೆಗೂ ಒಂದೇ ಬುಕಿಂಗ್‌ನಲ್ಲಿ ಸಿಕ್ಕಿದರೆ, ದುಡ್ಡೂ ಹೊಂದಿದರೆ, ತಗೋ. ನಡುವೆ ವಿಮಾನ ತಪ್ಪಿದರೂ ಮುಂದಕ್ಕೆ ಕಳಿಸುವ ಜವಾಬ್ದಾರಿ ಅವರದೇ. ಬೇರೆ ಬೇರೆಯಾಗಿ ತೆಗೆದೆಯೋ, ತಪ್ಪಿದ್ದು ನಿನ್ನ ತಲೆ ಮೇಲೆ. ಅಗ್ಗದ ವಿಮಾನಗಳಲ್ಲಿ ಲಗೇಜಿನ ತಗಾದೆ ಬೇರೆ.

ನನ್ನನ್ನು ಕೇಳಿದರೆ ಮ್ಯಾಡ್ರಿಡ್‌ನಿಂದ ರೈಲೇ ಸರಿ. ಹಳೆಯ ಗೈಡ್ ಪುಸ್ತಕಗಳಲ್ಲಿ ಗ್ರನಾಡಾಗೆ ರೈಲು ಸರಿ ಇಲ್ಲ, ನಡುವೆ ಬಸ್ಸು ಹತ್ತಬೇಕು ಅಂತ ಇರುತ್ತದೆ. ಆಗ ಅದು ನಿಜವೇ. ವೇಗದ ರೈಲಿನ ಹಳಿ ಹಾಕುವ ಕೆಲಸಕ್ಕೆ ಅಂತ 2015ರಲ್ಲಿ ಲೈನ್ ಮುಚ್ಚಿದವರು ತೆರೆದದ್ದು 2019ರ ಜೂನ್‌ನಲ್ಲಿ. ಅಷ್ಟು ವರ್ಷ ಅಂಥಾ ಊರಿಗೆ ಮ್ಯಾಡ್ರಿಡ್‌ನಿಂದ ನೇರ ರೈಲೇ ಇರಲಿಲ್ಲ ಅಂದರೆ ನಂಬ್ತೀಯಾ? ಈಗ ಮ್ಯಾಡ್ರಿಡ್‌ನ ಆತೋಚಾ ನಿಲ್ದಾಣದಲ್ಲಿ ಹತ್ತಿದರೆ ಕೊರ್ಡೊಬಾ, ಆಂಟೆಕೆರಾ ಮೇಲೆ ಮೂರೂವರೆ ಗಂಟೆ ಆಸುಪಾಸಿನಲ್ಲಿ ಗ್ರನಾಡಾ. ಕೊರ್ಡೊಬಾ ದಾಟಿದ ಮೇಲೆ ಕಿಟಕಿಯಲ್ಲಿ ಬರೀ ಆಲಿವ್ ತೋಟ, ಗೆರೆ ಎಳೆದ ಹಾಗೆ ಸಾಲು ಸಾಲು. ದಿನಕ್ಕೆ ಬೆರಳೆಣಿಕೆಯಷ್ಟೇ ರೈಲು, ಬೇಗ ತೆಗೆದರೆ ಅಗ್ಗ. ಹತ್ತುವ ಮುಂಚೆ ಲಗೇಜ್ ಸ್ಕ್ಯಾನ್ ಮಾಡುತ್ತಾರೆ, ರೈಲು ಹೊರಡುವ ಮೊದಲೇ ಗೇಟು ಹಾಕುತ್ತಾರೆ. ನಮ್ಮಲ್ಲಿಯ ಹಾಗೆ ಓಡಿ ಹತ್ತುವ ಮಾತಿಲ್ಲ.

ಆದ್ದರಿಂದ ಇಳಿದ ದಿನವೇ ರೈಲು ಬೇಡ. ವಿಮಾನ ತಡವಾಗಬಹುದು. ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯೋದು ಇಮಿಗ್ರೇಶನ್. 2025ರ ಅಕ್ಟೋಬರ್‌ನಿಂದ ಹೊಸ ಪದ್ಧತಿ ಬಂದಿದೆ, ಬೆರಳಚ್ಚು, ಫೋಟೋ ಎಲ್ಲ ತೆಗೆಯುತ್ತಾರೆ. ದುಬೈ, ದೋಹಾ ಮೇಲೆ ಬಂದರೆ ಈ ಸಾಲು ಮ್ಯಾಡ್ರಿಡ್‌ನಲ್ಲಿ. ಫ್ರಾಂಕ್‌ಫರ್ಟ್, ಪ್ಯಾರಿಸ್ ಮೇಲೆ ಬಂದರೆ ಅಲ್ಲೇ ನಡುದಾರಿಯಲ್ಲಿ ನಿಲ್ಲಬೇಕು. ಅಲ್ಲಿ ಒಂದು ಗಂಟೆಯ ಬಿಡುವು ಇಟ್ಟುಕೊಂಡರೆ ಅಮ್ಮನನ್ನು ಓಡಿಸಬೇಕಾಗುತ್ತೆ. ಗಾಲಿಕುರ್ಚಿ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಿಬಿಡು, ಅದಕ್ಕೆ ದುಡ್ಡಿಲ್ಲ. ನಡೆಯಲು ಕಷ್ಟ ಇರುವವರಿಗೆ ರೈಲು ನಿಲ್ದಾಣದಲ್ಲೂ ಸಹಾಯ ಸಿಗುತ್ತೆ, ಅದನ್ನೂ ಮುಂಚೆ ಹೇಳಿಡಬೇಕು.

ಮ್ಯಾಡ್ರಿಡ್‌ನ ಬರಾಹಾಸ್ ವಿಮಾನ ನಿಲ್ದಾಣದಿಂದ ಆತೋಚಾಗೆ ಲೋಕಲ್ ರೈಲಿದೆ, ಸೆರ್ಕಾನಿಯಾಸ್ ಅಂತಾರೆ. ಅದು ಹೊರಡುವುದು ಟರ್ಮಿನಲ್ 4ರಿಂದ ಮಾತ್ರ. ಬೇರೆ ಟರ್ಮಿನಲ್‌ನಲ್ಲಿ ಇಳಿದರೆ ಬಿಟ್ಟಿ ಬಸ್ಸಿನಲ್ಲಿ ಅಲ್ಲಿಗೆ ಹೋಗಬೇಕು. ಅದಕ್ಕಿಂತ ಹಳದಿ ಬಣ್ಣದ 203 ನಂಬರ್ ಬಸ್ಸು ಸಲೀಸು. ರಾತ್ರಿ ಹಗಲು ಓಡುತ್ತದೆ, ಪೆಟ್ಟಿಗೆ ಇಡಲು ಜಾಗ ಇದೆ. ಹಗಲಿನಲ್ಲಿ ಆತೋಚಾವರೆಗೆ, ರಾತ್ರಿ ಊರ ನಡುವಿನ ಸಿಬೆಲೆಸ್ ಚೌಕದವರೆಗೆ. ಮೂರು ಜನ, ಇಷ್ಟು ಸಾಮಾನು ಅಂದರೆ ಟ್ಯಾಕ್ಸಿ ಮಾಡು, ಊರೊಳಗೆ ನಿಗದಿತ ದರ, ಚೌಕಾಸಿ ಬೇಡ. ಆತೋಚಾ ಹತ್ತಿರವೇ ಆ ರಾತ್ರಿ ಉಳಿದು, ಮರುದಿನ ತಿಂಡಿ ತಿಂದು ನಿಧಾನವಾಗಿ ರೈಲು ಹತ್ತಿ.

ಬಸ್ಸು ಅಗ್ಗ ಅಂತ ನಿನ್ನ ಹೆಂಡತಿ ಕೇಳಿದ್ದರಲ್ಲ, ಹೌದು ಅಗ್ಗ. ಮ್ಯಾಡ್ರಿಡ್‌ನ ಎಸ್ಟಸಿಯೋನ್ ಸುರ್ ಬಸ್ ನಿಲ್ದಾಣದಿಂದ ಹೊರಡುತ್ತೆ, ಹೆಚ್ಚುಕಡಿಮೆ ಐದು ಗಂಟೆ. ರೈಲು ಸಿಗದಿದ್ದರೆ ಧೈರ್ಯವಾಗಿ ಹತ್ತಬಹುದು. ಅಮ್ಮ ಅಷ್ಟು ಹೊತ್ತು ಕಾಲು ಮಡಚಿ ಕೂರ್ತಾರಾ ಅನ್ನೋದು ನಿಮಗೇ ಗೊತ್ತು. ಕಾರು ಬಾಡಿಗೆ ಯೋಚನೆ ಮಾತ್ರ ಬಿಟ್ಟುಬಿಡು. ಹಳೇ ಪೇಟೆಯೊಳಗೆ ಪರ್ಮಿಟ್ ಇಲ್ಲದ ಗಾಡಿ ಹೋಗುವ ಹಾಗಿಲ್ಲ, ಕ್ಯಾಮೆರಾ ನಂಬರ್ ಹಿಡಿಯುತ್ತೆ, ದಂಡದ ಚೀಟಿ ನೀನು ಮೈಸೂರು ಸೇರಿದ ಮೇಲೆ ಬರುತ್ತೆ.

ರೂಮು ಎಲ್ಲಿ ಅನ್ನೋದೂ ಸಾರಿಗೆಯ ಪ್ರಶ್ನೆಯೇ. ನೀನು ಲಿಂಕ್ ಕಳಿಸಿದ ಮನೆ ಅಲ್ಬಾಯ್‌ಸಿನ್‌ನಲ್ಲಿದೆ, ಅಲ್ಹಂಬ್ರಾದ ಎದುರು ಗುಡ್ಡದ ಹಳೇ ಬಡಾವಣೆ. ಬಾಲ್ಕನಿಯಿಂದ ಅಲ್ಹಂಬ್ರಾ ಕಾಣುತ್ತೆ, ಫೋಟೋ ಸುಳ್ಳಲ್ಲ. ಆದರೆ ಫೋಟೋದಲ್ಲಿ ಏರು ಕಾಣಲ್ಲ. ಅಲ್ಲಿಯ ಓಣಿಗಳಿಗೆ ಹೊಳೆಯ ಗುಂಡುಕಲ್ಲು ನಿಲ್ಲಿಸಿ ಹಾಸಿದ್ದಾರೆ, ಕೋಳಿಮೊಟ್ಟೆಗಿಂತ ಚಿಕ್ಕವು, ಕಪ್ಪು ಬಿಳುಪಿನಲ್ಲಿ ಹೂಬಳ್ಳಿ ಬಿಡಿಸಿದ ಹಾಗೆ. ಜನ ಓಡಾಡಿ ನುಣ್ಣಗಾಗಿವೆ, ಮಳೆ ಬಂದರೆ ಜಾರುತ್ತವೆ. ಪೆಟ್ಟಿಗೆಯ ಗಾಲಿ ಅದರ ಮೇಲೆ ಉರುಳೋದಿಲ್ಲ, ಎತ್ತಿಕೊಂಡೇ ನಡೆಯಬೇಕು. ಮೆಟ್ಟಿಲು ಬೇರೆ. ಗ್ರಾನ್ ವಿಯಾ ರಸ್ತೆ ಅಥವಾ ಪ್ಲಾಸಾ ನುಯೆವಾ ಹತ್ತಿರ ರೂಮು ಹಿಡಿ. ಅಲ್ಬಾಯ್‌ಸಿನ್‌ಗೆ ಸಂಜೆ ಮಿನಿಬಸ್ಸಿನಲ್ಲಿ ಹೋಗಿ ಬನ್ನಿ, ಸಿ31.

ಅಲ್ಹಂಬ್ರಾಗೂ ಅಂಥದ್ದೇ ಮಿನಿಬಸ್ಸು, ಸಿ30. ಪ್ಲಾಸಾ ಇಸಾಬೆಲ್ ಲಾ ಕಾತೊಲಿಕಾದಲ್ಲಿ ಸಿಗುತ್ತೆ. ನಡೆದರೆ ಪ್ಲಾಸಾ ನುಯೆವಾದಿಂದ ಮರಗಳ ನೆರಳಿನಲ್ಲಿ ಇಪ್ಪತ್ತು ನಿಮಿಷದ ದಾರಿ, ಆದರೆ ಪೂರ್ತಿ ಏರು. ಇಲ್ಲೊಂದು ಗುಟ್ಟು. ಎಲ್ಲರೂ ಟಿಕೆಟ್ ಕೌಂಟರ್ ಇರುವ ಮೇಲಿನ ಬಾಗಿಲಿಗೆ ಹೋಗುತ್ತಾರೆ. ಅಲ್ಲಿಂದ ನಸ್ರಿದ್ ಅರಮನೆಗೆ ಕಾಲು ಗಂಟೆಗೂ ಜಾಸ್ತಿ ನಡಿಗೆ. ನಿನ್ನ ಹತ್ತಿರ ಟಿಕೆಟ್ ಇರುತ್ತಲ್ಲ, ಸೀದಾ ಪುಯೆರ್ತಾ ದೆ ಲಾ ಹುಸ್ತಿಸಿಯಾ ಬಾಗಿಲಲ್ಲಿ ಒಳಗೆ ಹೋಗು. 1348ರ ಬಾಗಿಲು, ಕಮಾನಿನ ಮೇಲೆ ಕಲ್ಲಿನಲ್ಲಿ ಕೆತ್ತಿದ ಒಂದು ಕೈ ಇದೆ, ಅಮ್ಮನಿಗೆ ತೋರಿಸು. ಅರಮನೆ ಅಲ್ಲಿಂದ ಹತ್ತಿರ. ತೋಟ ಎಲ್ಲ ಆಮೇಲೆ, ಸುಸ್ತಾಗದಿದ್ದರೆ.

ಊಟದ ಚಿಂತೆ ಬೇಡ ಅಂತ ಅಮ್ಮನಿಗೆ ಹೇಳು. ಬದನೆಕಾಯಿ ಹೋಳು ಕರಿದು, ಮೇಲೆ ಕಬ್ಬಿನ ಪಾಕ ಸುರಿದು ಕೊಡುತ್ತಾರೆ, ನಮ್ಮ ಜೋನಿಬೆಲ್ಲದ ಹಾಗೇ. ಕುಡಿಯಲು ಏನಾದರೂ ತಗೊಂಡರೆ ತಿನ್ನಲು ಒಂದು ತಟ್ಟೆ ಸುಮ್ನೆ ಬರುತ್ತೆ. ಮಾಂಸ ಬೇಡ ಅಂತ ಆಗಲೇ ಹೇಳಬೇಕು ಅಷ್ಟೇ. ಹಂದಿ ತೊಡೆಯ ಚೂರುಗಳನ್ನು ಕೆಲವರು ಮಾಂಸ ಅಂತಲೇ ಲೆಕ್ಕಕ್ಕೆ ತಗೊಳಲ್ಲ, ಅದನ್ನು ಬೇರೆಯಾಗಿ ಹೇಳು.

ವಾಪಸ್ ಬರಲು ಮ್ಯಾಡ್ರಿಡ್‌ಗೆ ಯಾಕೆ ಹೋಗ್ತೀಯ? ಮಾಲಗಾದಿಂದ ಹತ್ತು. ಗ್ರನಾಡಾದಿಂದ ಸುಮಾರು 125 ಕಿಲೋಮೀಟರ್. ಮಾಲಗಾ ವಿಮಾನ ನಿಲ್ದಾಣಕ್ಕೇ ನೇರ ಬಸ್ಸುಗಳಿವೆ, ಎರಡು ಗಂಟೆ ಇಟ್ಟುಕೋ. ಗ್ರನಾಡಾ ಬಸ್ ಸ್ಟ್ಯಾಂಡ್ ಊರಿನ ಹೊರಗಿದೆ. ರೈಲು ನಿಲ್ದಾಣದ ಹತ್ತಿರ ಅಲ್ಲ, ಎರಡಕ್ಕೂ ನಡುವೆ ಮೆಟ್ರೋ ಇದೆ. ಮ್ಯಾಡ್ರಿಡ್‌ಗೆ ಬಂದು ಮಾಲಗಾದಿಂದ ಹೊರಡುವ ಹಾಗೆ ಒಂದೇ ಟಿಕೆಟ್ ಮಾಡಿಸು, ಎರಡು ಒನ್‌ವೇ ತೆಗೆಯೋಕೆ ಹೋಗಬೇಡ.

ವೀಸಾ ಅರ್ಜಿ ಪ್ರಯಾಣಕ್ಕೆ ಆರು ತಿಂಗಳಿದ್ದಾಗಲೇ ಹಾಕಬಹುದು, 15 ದಿನಕ್ಕಿಂತ ತಡ ಮಾಡುವ ಹಾಗಿಲ್ಲ. 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಅಮ್ಮನ ವಯಸ್ಸಿಗೆ ಪ್ರೀಮಿಯಂ ಜಾಸ್ತಿ ಆಗುತ್ತೆ, ಈಗಲೇ ವಿಚಾರಿಸು.

ಅಲ್ಹಂಬ್ರಾದ ದಿನ, ಹೊತ್ತು ಸಿಕ್ಕಿದ ಕೂಡಲೇ ನನಗೆ ಮೆಸೇಜ್ ಹಾಕು. ಆ ದಿನಕ್ಕೆ ಹೊಂದುವ ರೈಲು ಯಾವುದು ಅಂತ ನೋಡಿ ಹೇಳ್ತೀನಿ. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ,
ಮ್ಯಾಡ್ರಿಡ್‌ನ ಗೆಳೆಯ