ಬ್ಯಾಟರಿ ಬದಲಿಸುವ ಮೊದಲು ಸೋರಿಕೆ ಅಳೆಯಿರಿ

ಸಂಪಾದಕರಿಗೆ,

ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸೆಲ್ಫ್ ಎಳೆಯದಿದ್ದರೆ ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ’ ಎಂಬ ಮಾತು ತಕ್ಷಣ ಬರುತ್ತದೆ. ದೋಷ ವೈರಿಂಗ್‌ನಲ್ಲಿದ್ದರೆ ಹೊಸದೂ ಕೆಲವೇ ದಿನಗಳಲ್ಲಿ ಮಲಗುತ್ತದೆ. ಪೂರ್ತಿ ಇಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುವುದರಿಂದ ಅದರ ಆಯುಸ್ಸೂ ಕುಗ್ಗುತ್ತದೆ. ಗ್ಯಾರೇಜಿನವರು ಮೊದಲು ಸೋರಿಕೆ, ಅಂದರೆ ಕಾರು ನಿಂತಿದ್ದಾಗಲೂ ಬ್ಯಾಟರಿಯಿಂದ ಹರಿದುಹೋಗುವ ಕರೆಂಟ್, ಅಳೆದು, ಆ ಅಂಕಿಯನ್ನು ಬಿಲ್ಲಿನಲ್ಲಿ ಬರೆದುಕೊಡಬೇಕು. ಗ್ರಾಹಕರೂ ಅದನ್ನು ಕೇಳಿ ಪಡೆಯಬೇಕು.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 12.6 ವೋಲ್ಟ್ ಆಸುಪಾಸಿನಲ್ಲಿದ್ದರೆ ಬ್ಯಾಟರಿ ತಾನಾಗಿ ಇಳಿಯುತ್ತಿಲ್ಲ ಎಂದರ್ಥ. ಎಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.5 ವೋಲ್ಟ್ ಸಿಗಬೇಕು. ಇವೆರಡೂ ಸರಿಯಿದ್ದರೆ ಸೋರಿಕೆ ಹುಡುಕಿ.

ಮಲ್ಟಿಮೀಟರಿನ (ಕರೆಂಟ್, ವೋಲ್ಟ್ ಅಳೆಯುವ ಮೀಟರ್) ಕೆಂಪು ವೈರನ್ನು ಅದರ 10 ಆಂಪಿಯರ್ ರಂಧ್ರಕ್ಕೆ ಹಾಕಿ, ಮೀಟರನ್ನು ನೆಗೆಟಿವ್ ಟರ್ಮಿನಲ್ ಮತ್ತು ಬಿಚ್ಚಿದ ಕೇಬಲ್‌ನ ನಡುವೆ ಸೇರಿಸಿ. ಪಾಸಿಟಿವ್–ನೆಗೆಟಿವ್‌ಗೆ ಅಡ್ಡಲಾಗಿ ಹಿಡಿದರೆ ಮೀಟರಿನ ಫ್ಯೂಸ್ ಸುಡುತ್ತದೆ. ಮೀಟರ್ ಸೇರಿಸಿದಾಗ ಸೆಲ್ಫ್ ಹೊಡೆದರೂ ಅಷ್ಟೇ. ಬಾಗಿಲು ತೆರೆದಿಟ್ಟು ಕೆಲಸ ಮಾಡುವುದಾದರೆ ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಆಮೇಲೆ ಬಾಗಿಲು ಹಾಕುವ ಮುನ್ನ ಲಾಕ್ ಬಿಡಿಸಲು ಮರೆಯಬೇಡಿ. ಕೀ ದೂರವಿಡಿ, ಅರ್ಧ ಗಂಟೆಯಾದರೂ ಕಾಯಿರಿ. ಎಡವುವುದೇ ಇಲ್ಲಿ: ಕಾರಿನ ಕಂಪ್ಯೂಟರ್‌ಗಳು ನಿದ್ರೆಗೆ ಜಾರುವ ಮೊದಲು ಮೀಟರ್ ಹಲವು ಆಂಪಿಯರ್ ತೋರಿಸಬಹುದು, ಅದು ದೋಷವಲ್ಲ.

ಸಾಮಾನ್ಯವಾಗಿ 50 ಮಿಲಿಆಂಪಿಯರ್‌ವರೆಗೆ ಚಿಂತೆಯಿಲ್ಲ. ಅದೂ 35 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿಯನ್ನು ಒಂದು ತಿಂಗಳಲ್ಲಿ ಬರಿದು ಮಾಡುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವವರು ಟರ್ಮಿನಲ್ ಬಿಚ್ಚುವುದೇ ಸರಿ. 500 ಮಿಲಿಆಂಪಿಯರ್ ಹರಿದರೆ ದಿನಕ್ಕೆ 12 ಆಂಪಿಯರ್-ಅವರ್, ಅಂದರೆ ಮೂರು ದಿನದ ಆಟ.

ಸೋರಿಕೆ ಎಲ್ಲಿಯದೆಂದು ನೋಡಲು ಒಂದೊಂದೇ ಫ್ಯೂಸ್ ಕಿತ್ತು ಹಾಕುವುದು ಹಳೆಯ ರೂಢಿ. ಮತ್ತೆ ಹಾಕುವಾಗ ಮಲಗಿದ್ದ ಕಂಪ್ಯೂಟರ್ ಎದ್ದು ಅಳತೆ ಕೆಡುತ್ತದೆ. ಬದಲಿಗೆ ಬ್ಯಾಟರಿ ಕೇಬಲ್ ಮತ್ತೆ ಸೇರಿಸಿ, ಕಂಪ್ಯೂಟರ್‌ಗಳು ಮಲಗಿದ ಮೇಲೆ ಫ್ಯೂಸ್ ಇದ್ದಲ್ಲೇ ಅದರ ತಲೆಯ ಮೇಲಿನ ಎರಡು ಲೋಹದ ಚುಕ್ಕೆಗಳಿಗೆ ಮೀಟರನ್ನು ಮಿಲಿವೋಲ್ಟ್‌ನಲ್ಲಿಟ್ಟು ಮುಟ್ಟಿಸಿ. ಸೊನ್ನೆ ಬಂದರೆ ಆ ದಾರಿ ಶುದ್ಧ. ಅರ್ಧ ಆಂಪಿಯರ್ ಹರಿಯುತ್ತಿದ್ದರೆ 10 ಆಂಪಿಯರ್‌ನ ಸಣ್ಣ ಫ್ಯೂಸಿನಲ್ಲಿ ಮೂರ್ನಾಲ್ಕು ಮಿಲಿವೋಲ್ಟ್ ಕಾಣುತ್ತದೆ. ಆ ಫ್ಯೂಸಿನ ಸಾಲಿನಲ್ಲಿ ಅಂಟಿಕೊಂಡ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್), ಆರದ ಡಿಕ್ಕಿ ದೀಪ ಇವನ್ನು ನೋಡಿ. ಎಲ್ಲ ಫ್ಯೂಸುಗಳೂ ಸೊನ್ನೆ ತೋರಿಸಿ ಸೋರಿಕೆ ಮಾತ್ರ ಉಳಿದಿದ್ದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೇಲೆ ಅನುಮಾನ ಪಡಿ. ಬ್ಯಾಟರಿ ಬಿಚ್ಚಿ, ಆಲ್ಟರ್ನೇಟರಿನ ದಪ್ಪ ವೈರ್ ಕಳಚಿ, ಅದರ ತುದಿಗೆ ಟೇಪ್ ಸುತ್ತಿ ಮತ್ತೆ ಅಳೆದರೆ ತಿಳಿಯುತ್ತದೆ.

ಆಕ್ಸೆಸರೀಸ್ ಅಂಗಡಿಯವರಲ್ಲಿ ಒಂದು ವಿನಂತಿ. ಸ್ಟೀರಿಯೊದ ಹಳದಿ ವೈರ್ ಸದಾ ಕರೆಂಟ್ ಇರುವಲ್ಲಿಗೆ, ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವಲ್ಲಿಗೆ ಹೋಗಬೇಕು. ಕೀ ಇಲ್ಲದೆಯೂ ಹಾಡು ಕೇಳಲೆಂದು ಎರಡನ್ನೂ ಒಂದೇ ಕಡೆ ಹೆಣೆಯುವುದನ್ನು ದಯವಿಟ್ಟು ನಿಲ್ಲಿಸಿ.

– ಒಬ್ಬ ಆಟೊ ಎಲೆಕ್ಟ್ರಿಷಿಯನ್, ದಾವಣಗೆರೆ